ಕರಿಬಟ್ಟೆಗೆ ತೂತು

ಸಾಲ್ಫರ್ಡಿನ ಕಾಲುವೆ ಪಕ್ಕ, ಮುಚ್ಚಿಹೋದ ಸಾಬೂನು ಕಾರ್ಖಾನೆ.
ಐವತ್ತಮೂರರ ನವೆಂಬರು. ಹೊರಗೆ ಹೊಗೆಮಂಜು,
ಒಳಗೆ ಏಣಿಯ ಮೇಲೆ ನಾನು, ಎನಿಡ್ ಕ್ಲೆಗ್,
ಕೈಯಲ್ಲೊಂದು ದಬ್ಬಣ:
ಆಕಾಶಕ್ಕೆ ತೂತು ಹೊಡೆಯುವ ಕೆಲಸ.
ದಿನಕ್ಕೆ ಹನ್ನೆರಡು ಶಿಲ್ಲಿಂಗು, ಚಹಾ ಬೇರೆ.

ಬಟ್ಟೆ ಯಾವುದು ಅಂದಿರಾ?
ಯುದ್ಧದ ರಾತ್ರಿಗಳಲ್ಲಿ ಕಿಟಕಿಗೆ ಬಿಗಿದಿದ್ದ ಕರಿಪರದೆ.
ಒಂದೆಳೆ ಬೆಳಕು ಸೋರಿದರೂ ವಾರ್ಡನ್ ಬಂದು
ಬಾಗಿಲು ಬಡಿಯುತ್ತಿದ್ದ, "ಮೇಲಿನವರಿಗೆ ಕಂಡೀತು!"
ಈಗ ಅದೇ ಬಟ್ಟೆಗೆ
ಬೆಳಕು ಸೋರಲೆಂದೇ ಸಾವಿರದ ನಾನೂರು ತೂತು.
ಮೊದಲನೆಯದು ಹೊಡೆಯುವಾಗ ಕೈ ನಡುಗಿತು, ಸುಳ್ಳಲ್ಲ;
ಒಮ್ಮೆ ಬಾಗಿಲ ಕಡೆ ನೋಡಿದೆ.

ನಿರ್ದೇಶಕ ಥ್ವೇಟ್ ಲೆಕ್ಕದಲ್ಲಿ ಚಂದ್ರಯಾನವೆಂದರೆ
ಬ್ಲ್ಯಾಕ್‌ಪೂಲಿಗೆ ಹೋದಂತೆ, ತುಸು ದೂರ.
ಕ್ಯಾಪ್ಟನ್ನಿಗೆ ಮೀಸೆ, ಬಾಯಲ್ಲಿ ಪೈಪು.
ಕುರ್ಚಿಗಳು ಹಲ್ಲಿನ ಡಾಕ್ಟರೊಬ್ಬರ ಹರಾಜಿನವು;
ಮೇಲೇರುವಾಗ ಎಲ್ಲರೂ ದವಡೆ ಬಿಗಿಹಿಡಿದದ್ದು
ಪೂರ್ತಿ ನಟನೆಯಲ್ಲ.
ನೌಕೆ ಒಂದು ತಗಡಿನ ಸೌತೆಕಾಯಿ,
ಪಿಯಾನೋ ತಂತಿಗೆ ನೇತುಬಿದ್ದದ್ದು,
ಬಾಲಕ್ಕೆ ಸುರುಸುರುಬತ್ತಿ. ಹೊಗೆ ಮಾತ್ರ
ಯಾರ ಮಾತೂ ಕೇಳದೆ
ಗಾಳಿಯೇ ಇಲ್ಲದ ಕಡೆ ನೆಟ್ಟಗೆ ಮೇಲಕ್ಕೆ ಹೋಯಿತು.

ಚಂದ್ರನ ನೆಲಕ್ಕೆ ಓಟ್ಸಿನ ಗಂಜಿ, ಮೇಲೆ ಸಿಮೆಂಟು.
ಮೂರನೆಯ ದಿನಕ್ಕೆ ಹುಳಿ ನಾತ.
ಇಲಿಗಳು ಕ್ಯಾಪ್ಟನ್ನಿಗಿಂತ ಮೊದಲೇ ಇಳಿದಿದ್ದವು.

ಅಲ್ಲಿ ತೂಕವಿರುವುದಿಲ್ಲ ಅಂತ ಯಾರೋ ಓದಿದ್ದರು.
ಹಾಗಾಗಿ ಒಂದು ಪೆನ್ಸಿಲು, ದಾರಕ್ಕೆ ಕಟ್ಟಿ,
ಅರ್ಧ ನಿಮಿಷ ತೇಲಿತು. ಮರುಕ್ಷಣವೇ ಡಾಫ್ನಿ
ಎಲ್ಲರ ಲೋಟಕ್ಕೂ ಕಾಫಿ ಸುರಿದಳು, ಒಂದು ಹನಿ ಚೆಲ್ಲದೆ.
ಕಾಗದದ ಮೇಲೆ ಅವಳು ಖಗೋಳ ವಿಜ್ಞಾನಿ.
ಕಿಟಕಿಯ ಬಳಿ ನಿಲ್ಲುವ ಒಂದು ದೃಶ್ಯವೂ ಅವಳಿಗಿಲ್ಲ.

ಒಂದು ಮಧ್ಯಾಹ್ನ, ಗಂಡಸರೆಲ್ಲ ಊಟಕ್ಕೆ ಹೋದಾಗ,
"ಎನಿಡ್, ದೀಪ ಹಾಕ್ತೀಯಾ?" ಅಂದಳು.
ಹಾಕಿದೆ.
ಬೆಳ್ಳಿ ಬಣ್ಣ ಬಳಿದ ರಬ್ಬರ್ ಬೂಟಿನಲ್ಲಿ
ಕರಿಬಟ್ಟೆಯ ಮುಂದೆ ನಿಂತಳು, ತುಂಬಾ ಹೊತ್ತು.
ಆಮೇಲೆ ಮೂಗು ಒರೆಸಿಕೊಂಡು, "ಎಡಗಡೆ
ಸ್ವಲ್ಪ ಖಾಲಿ ಇದೆ ಕಣೇ," ಅಂದಳು.
ಎಡಗಡೆ ಇನ್ನೂ ಇಪ್ಪತ್ತು ಹೊಡೆದೆ.

ನಮಗೆ ಗೊತ್ತಿದ್ದ ರಾಕೆಟ್ಟು
ಮೇಲಿಂದ ಕೆಳಗೆ ಬರುವಂಥದು.
ಲಂಡನ್ನಿನಲ್ಲಿ ಅಕ್ಕನ ಬೀದಿಗೆ ಬಂತು ಒಂದು;
ಸದ್ದು ಆಮೇಲೆ ಬಂತಂತೆ, ಕೇಳಲು ಅಕ್ಕ ಇರಲಿಲ್ಲ.
ಅದರ ಮೂತಿಯನ್ನು ಮೇಲಕ್ಕೆ ತಿರುಗಿಸಿ, ಒಳಗೆ
ಮನುಷ್ಯರನ್ನು ಕೂರಿಸಿ ಕಾಫಿ ಕೊಟ್ಟ ಥ್ವೇಟ್‌ಗೆ
ಹುಚ್ಚೆಂದು ನಗುತ್ತಿದ್ದೆವು. ನಗುತ್ತಲೇ ತೂತು ಹೊಡೆದೆ.

ಅರವತ್ತೊಂಬತ್ತರ ಜುಲೈ, ಬೆಳಗಿನ ಜಾವ ನಾಲ್ಕು.
ಅಕ್ಕನ ಮಗ ರಾಯ್ ಟೀವಿಯ ಕಿವಿ ಹಿಂಡಿ ಹಿಂಡಿ
ಚಿತ್ರ ಸರಿಮಾಡಿದ. ಬೂದಿಬೂದಿ ನೆಲ, ಒಂದು ಏಣಿ,
ದೆವ್ವದಂತೆ ಇಳಿಯುತ್ತಿರುವ ಒಂದು ಕಾಲು.
ನೆಲ ನೋಡಲಿಲ್ಲ ನಾನು, ಮೇಲೆ ನೋಡಿದೆ:
ಬರೀ ಕಪ್ಪು.
ಒಂದಂದರೆ ಒಂದು ನಕ್ಷತ್ರ ಇಲ್ಲ.
"ಅಯ್ಯೋ, ತೂತು ಹೊಡೆಯೋದೇ ಮರೆತಿದ್ದಾರೆ," ಅಂದೆ.
ರಾಯ್ ನಕ್ಕ, ನಗುನಗುತ್ತ ನನ್ನ ಮುಖ ನೋಡಿ ಸುಮ್ಮನಾದ.

ನಾವು ಊಹಿಸದೆ ಬಿಟ್ಟದ್ದು ಇನ್ನೂ ಒಂದಿತ್ತು.
ಥ್ವೇಟನ ಚಂದ್ರನ ಮೇಲೆ ಇಳಿದವರನ್ನು
ಭೂಮಿಯಲ್ಲಿ ಯಾರೂ ನೋಡುವುದಿಲ್ಲ;
ದಿನಚರಿಯಲ್ಲಿ ಬರೆದುಕೊಳ್ಳುತ್ತಾರೆ, ಅಷ್ಟೆ.
ಚಪ್ಪಲಿ ಮೆಟ್ಟಿ, ಶಾಲು ಹೊದ್ದು, ಆರಿದ ಚಹಾ ಹಿಡಿದು
ಒಬ್ಬ ದರ್ಜಿ ಹೆಂಗಸು ಇಲ್ಲಿಂದಲೇ ಕಂಡಾಳೆಂದು
ಯಾರಿಗೂ ಹೊಳೆದಿರಲಿಲ್ಲ.

ಆ ಆಕಾಶದ ಒಂದು ತುಂಡು ನನ್ನ ಬಳಿಯೇ ಇದೆ.
ರಾತ್ರಿ ಗಿಳಿಮರಿಯ ಪಂಜರಕ್ಕೆ ಹೊದಿಸುತ್ತೇನೆ.
ಅಡಿಗೆಮನೆಯ ದೀಪ ಆರಿಸುವ ತನಕ
ಒಳಗಿನಿಂದ ಅದಕ್ಕೇನು ಕಾಣುತ್ತದೋ,
ಕೂಗುವುದಿಲ್ಲ, ಮಲಗುವುದೂ ಇಲ್ಲ.