ಈ ವರ್ಷದ ಹುಳಿ

ಗುಳ್ಳ ನಾಲ್ಕು, ಮಟ್ಟಿನದ್ದೇ.
ಎಳೆ ಹಸಿರು ಮೈ, ಬೆರಳಲ್ಲಿ ಎಳೆದಂಥ ಬಿಳಿ ಗೀರು,
ಮುಳ್ಳು ತೊಟ್ಟಿನಲ್ಲಿ ಮಾತ್ರ.
ಪೆನ್ಶನಿಗೆ ಹೆಬ್ಬೆಟ್ಟು ಒತ್ತಲು ಬಂದ ಕೊರಪಲು ಪೂಜಾರ್ತಿ
ಅಂಚೆ ಕಚೇರಿಯ ತೂಕದ ತಟ್ಟೆಯಲ್ಲೇ ಇಟ್ಟು ಹೋದರು:
"ಇದಕ್ಕೆ ಸ್ಟಾಂಪು ಬೇಡ."

ಶಂಕರಪುರದಲ್ಲಿ ಸಂಜೆಗೆ ಕೆಲಸವಿಲ್ಲ.
ಮೊಗ್ಗು ಕೊಯ್ದು, ಕಟ್ಟಿ,
ಅಟ್ಟೆಯ ದರ ಕೇಳಿ, ಬೈದು, ಮಾರಿ,
ಮಲ್ಲಿಗೆ ಮಧ್ಯಾಹ್ನದೊಳಗೇ ಊರು ಬಿಟ್ಟಿರುತ್ತದೆ.
ಕೆಳಗಿನ ಅಂಗಳದಲ್ಲಿ ಮನೆಯೊಡತಿ ಅಪೊಲಿನ್ ಬಾಯಿ
ಭರಣಿಯ ಬಾಯಿಬಟ್ಟೆ ಬಿಚ್ಚಿ, ಮೂಗು ಇಟ್ಟು,
ಹಾಗೇ ಕೂತಿದ್ದಾರೆ.

"ಹಾಳಾಯ್ತು ಬಾಯೆ. ಹುಳಿ ಹೊಡೆದಿದೆ.
ಐದು ಕಿಲೋ ದ್ರಾಕ್ಷಿ, ಒಂದೊಂದೇ ಒರೆಸಿದ್ದು.
ಗೋಧಿ ಹಾಕಿದೆ, ಯೀಸ್ಟು ಹಾಕಿದೆ,
ಸಕ್ಕರೆ ಸುಟ್ಟು ಬಣ್ಣ ಕೊಟ್ಟೆ,
ಇಪ್ಪತ್ತೊಂದು ದಿನ ಮರದ ಸೌಟಲ್ಲಿ ತಿರುಗಿಸಿದೆ.
ಒಂದು ದಿನ, ಬೆಂದೂರಿನ ಮದುವೆಗೆ ಹೋದ ಆ ಒಂದು ದಿನ..."
ಕ್ರಿಸ್ಮಸ್ಸಿಗೆ ಇನ್ನೆಂಟೇ ದಿನ.
ಹಿತ್ತಲ ಬಾಳೆಬುಡ ಭರಣಿಯನ್ನು ಕಾಯುತ್ತಿದೆ.

ಚಮಚದಲ್ಲಿ ಕೊಟ್ಟರು.
ಸಿಹಿ ಮುಂದೆ ಬಂದು ಬಾಗಿಲು ತೆರೆಯಿತು,
ಅದರ ಹಿಂದಿನಿಂದ ಹುಳಿ ಬಂದು
ಕುರ್ಚಿ ಎಳೆದು ಕೂತೇ ಬಿಟ್ಟಿತು.

ವೈನಿನ ವಿಷಯ ನನಗೆ ಗೊತ್ತಿಲ್ಲ.
ನಮ್ಮ ಮನೆಯಲ್ಲಿ ಬಾಟ್ಲಿ ಅಂದರೆ ಸೀಮೆಎಣ್ಣೆಯದು.
ಹುಳಿಯ ವಿಷಯ ಗೊತ್ತು.
ಬಿಂಬುಳಿ, ಅಮಟೆ, ಪುನರ್ಪುಳಿ, ಜಾರಿಗೆ,
ಹೊಸ ಹುಣಸೆ, ಕಪ್ಪಾದ ಹಳೆ ಹುಣಸೆ,
ಯಾವುದು ಕುದಿಯಬೇಕು,
ಯಾವುದನ್ನು ಒಲೆ ಆರಿಸಿದ ಮೇಲೆ ಕರೆಯಬೇಕು.
"ಚೆಲ್ಲಬೇಡಿ," ಅಂದೆ. "ಒಂದು ಗಂಟೆ ಕೊಡಿ."

ಅವರ ಬಚ್ಚಲೊಲೆಯಲ್ಲಿ ಗೆರಟೆಯ ಕೆಂಡ.
ಎಣ್ಣೆ ಸವರಿದ ಗುಳ್ಳ ಕೆಂಡದ ಮೇಲೆ
ಮೊದಲು ಬೆವರಿತು, ಆಮೇಲೆ ಸಿಡುಕಿತು,
ಸಿಪ್ಪೆ ಕರಿ ಕಾಗದವಾಗಿ
ಒಳಗಿನದೆಲ್ಲ ಉಸ್ಸೆಂದು ಸಡಿಲವಾಯಿತು.
ಬೆರಳು ಸುಟ್ಟುಕೊಂಡೇ ಸುಲಿದೆ.
ಉಪ್ಪು, ಚಿಟಿಕೆ ಬೆಲ್ಲ, ನುರಿದ ಗಾಂಧಾರಿ ಮೆಣಸು,
ತೆಂಗಿನೆಣ್ಣೆಯಲ್ಲಿ ಸಾಸಿವೆ, ಇಂಗು, ಬೇವಿನೆಲೆ.
ನೆನೆಸಿಟ್ಟ ಹುಣಸೆ ಬಟ್ಟಲಲ್ಲೇ ಉಳಿಯಿತು,
ಕರೆದು ಮರೆತ ನೆಂಟನ ಹಾಗೆ.

ಬರೀ ಗೊಜ್ಜು ನೆಕ್ಕಿ ನೋಡಿದೆ.
ಹೊಗೆ ಉಂಟು, ಖಾರ ಉಂಟು,
ಎಲ್ಲ ಹೇಳಿ ಕ್ರಿಯಾಪದ ನುಂಗಿದ ವಾಕ್ಯ.

ಕುಚ್ಚಲಕ್ಕಿ ಅನ್ನ, ಗೊಜ್ಜು,
ಸ್ಟೀಲ್ ಲೋಟದಲ್ಲಿ ಅರ್ಧ ವೈನು.
ಒಂದು ತುತ್ತು, ಒಂದು ಗುಟುಕು:
ಕೆಂಡದ ಹೊಗೆ ಎದ್ದು ಜಾಗ ಬಿಟ್ಟುಕೊಟ್ಟಿತು,
ಆ ಜಾಗಕ್ಕೆ ದ್ರಾಕ್ಷಿ ಸರಿದು ಬಂತು,
ಸುಟ್ಟ ಸಿಪ್ಪೆಯ ಕಹಿಗೆ ಸುಟ್ಟ ಸಕ್ಕರೆಯ ಗುರುತು ಸಿಕ್ಕಿತು.
ಅಪೊಲಿನ್ ಬಾಯಿ ಮಾತಾಡಲಿಲ್ಲ.
ಲೋಟ ನೋಡಿದರು. ತಟ್ಟೆ ನೋಡಿದರು.
"ಇನ್ನೊಮ್ಮೆ ಬಡಿಸು. ನಂಬಿಕೆ ಬರಲಿಲ್ಲ."

ಮೂರನೇ ಸಲಕ್ಕೆ ನಂಬಿಕೆ ಬಂತು,
ಗುಳ್ಳ ಮುಗಿಯಿತು.
"ಹಬ್ಬದ ದಿನವೂ ನೀನೇ ಸುಡಬೇಕು ಬಾಯೆ.
ಪಾದ್ರಿಯವರಿಗೆ ಡಾಕ್ಟ್ರು ಹಂದಿ ನಿಲ್ಲಿಸಿದ್ದಾರೆ,
ಪಾಪ, ವೈನು ನಿಲ್ಲಿಸಿಲ್ಲ."
ಭರಣಿಗೆ ಬಟ್ಟೆ ಕಟ್ಟಿದರು,
ಮಲ್ಲಿಗೆ ಕಟ್ಟುವ ಬಾಳೆನಾರಿನಲ್ಲೇ, ಎರಡು ಸುತ್ತು.

ರಾತ್ರಿ ಕುಂಜಿಬೆಟ್ಟಿನಿಂದ ಅಮ್ಮನ ಫೋನು.
"ಎಂತ ಅಡುಗೆ?"
"ಗುಳ್ಳದ ಸುಟ್ಟ ಗೊಜ್ಜು."
"ಹುಳಿ ಎಂತದ್ದು ಹಾಕಿದ್ದಿ?"
"ದ್ರಾಕ್ಷಿ."
"ದ್ರಾಕ್ಷಿಗೆ ಎಲ್ಲಿಯ ಹುಳಿ ಮಾರಾಯ್ತಿ?"
"ಈ ವರ್ಷದ್ದಕ್ಕೆ ಉಂಟು."

ಆಚೆ ಕಡೆ ಸ್ವಲ್ಪ ಹೊತ್ತು ಬರೀ ಫ್ಯಾನಿನ ಸದ್ದು.
ಕೆಳಗಿನ ಮನೆಯೊಡತಿ ಯಾರೆಂದು ಅಮ್ಮನಿಗೆ ಗೊತ್ತು,
ಡಿಸೆಂಬರ್ ಎಂದೂ ಗೊತ್ತು.

"ಹಾಗಾದರೆ," ಅಂದಳು,
"ಬೆಲ್ಲ ಇನ್ನೊಂದು ಚೂರು ಜಾಸ್ತಿ ಹಾಕು."