ಎರವಲು ಬೆಳಕು

ನಾನೂರು ಪೌಂಡು ಕೊಟ್ಟು ಕೋಳಿಗೂಡಿನಿಂದ ಎಳೆದು ತಂದ ಕಾರು.
ಹಿಂದಿನ ಸೀಟು ಕಿತ್ತಾಗ ಅಡಿಯಲ್ಲಿ ಮೂರು ಮೊಟ್ಟೆ,
ಒಂದು ಒಡೆದಿತ್ತು.
ಶಕುನ ಎಂದ ಗೆಥಿನ್.
ಒಳ್ಳೆಯದೋ ಕೆಟ್ಟದ್ದೋ ಹೇಳಲಿಲ್ಲ.

ಹೋದ ಚಳಿಗಾಲವಿಡೀ ಅವನ ಮೀನಂಗಡಿಯ ಹಿಂದಿನ ಶೆಡ್ಡಿನಲ್ಲಿ
ಮುಟ್ಟಿದ್ದೆಲ್ಲ ಜಿಡ್ಡು, ಉಟ್ಟಿದ್ದೆಲ್ಲ ಕರಿದೆಣ್ಣೆ ವಾಸನೆ.
ಕಾರಿನ ಮೈಯ ಭಾರ ಇಳಿಸಿದೆವು:
ಕಾರ್ಪೆಟ್ಟು, ರೇಡಿಯೊ, ಬೂದಿತಟ್ಟೆ, ಬಾಗಿಲೊಳಗೆ ತುರುಕಿದ್ದ ಹತ್ತಿ.
ಯಾರದೋ ಮಗು ಗಾಜಿಗಂಟಿಸಿದ್ದ ಕಾಗದದ ನಕ್ಷತ್ರಗಳನ್ನು
ಕೆರೆಯಲು ಹೋದರೆ ತೆಗ್ವೆನ್ ಕೈ ಹಿಡಿದಳು,
ಇವೆಷ್ಟು ತೂಗಿಯಾವು, ಬಿಡಿ.
ಸರಳಿನ ಪಂಜರ ಬೆಸೆದದ್ದು ಇದ್ವಾಲ್,
ಮೂವತ್ತು ವರ್ಷ ಹಾಲಿನ ಟ್ಯಾಂಕರು ಓಡಿಸಿ ಕಿವಿ ಮಂದವಾದವನು.
ಎಂಜಿನ್ನಿಗೆ ಸ್ಕ್ರೂಡ್ರೈವರಿನ ತುದಿ ಆನಿಸಿ, ಹಿಡಿ ಹಲ್ಲಲ್ಲಿ ಕಚ್ಚಿ,
ಕಣ್ಣು ಮುಚ್ಚಿ ಕೇಳುತ್ತಾನೆ.
ಎಲುಬು ಕೇಳಿದ್ದು ಸುಳ್ಳಾಗುವುದಿಲ್ಲವಂತೆ.

ನಾನು ಗಣಿತದ ಮೇಷ್ಟ್ರು. ವೇಗವೆಂದರೆ ಪುಕ್ಕಲು.
ಹಾಗಾಗಿ ನನ್ನ ಪಾಲಿಗೆ ಪೆನ್ಸಿಲು ಬಂತು,
ಪೆನ್ನಲ್ಲ: ಈ ಕಡೆಯ ಮಳೆಗೆ ಶಾಯಿ ನಿಲ್ಲುವುದಿಲ್ಲ.

ವೇಲ್ಸಿನ ಅಂಚಿನಲ್ಲಿ ಕಡಲಿಗೆ ಬೆನ್ನು ಕೊಟ್ಟು ಮಲಗಿದ ಟ್ರ್ಯಾಕು.
ಅಕ್ಟೋಬರಿನ ಶನಿವಾರ, ನಾಲ್ಕು ಗಂಟೆಗೆ ಬಾವುಟ,
ಮೂವತ್ತನಾಲ್ಕು ಕಾರು, ಮೂವತ್ತನಾಲ್ಕು ಬಗೆಯ ಕೆಮ್ಮು.
ಇಪ್ಪತ್ತನಾಲ್ಕು ಗಂಟೆ ಅದೇ ದಾರಿ.
ಗಾಣದೆತ್ತಿಗಾದರೂ ಕಣ್ಣಿಗೆ ಪಟ್ಟಿ ಕಟ್ಟುತ್ತಾರೆ,
ಇವರಿಗೆ ಪ್ರತಿ ತಿರುವೂ ಹೊಸದಾಗಿ ಕಾಣಬೇಕು.
ಗೆಥಿನ್ ಇಳಿದ, ತೆಗ್ವೆನ್ ಹತ್ತಿದಳು,
ಸೂಲಗಿತ್ತಿ, ಕತ್ತಲಲ್ಲಿ ಕೈಯೇ ಕಣ್ಣಾದವಳು,
ಸೊಂಟದ, ಭುಜದ ಪಟ್ಟಿಗಳು ತಾವಾಗಿ ಬಂದು ಬಿಗಿದುಕೊಂಡಂತೆ.

ರಾತ್ರಿ ಎರಡೂವರೆ. ಮಳೆ ಅಡ್ಡಡ್ಡ.
ಗೋಡೆಗೊರಗಿ ನಿಂತ ನಾನೇ ಮೊದಲು ಕಂಡೆ:
ಇನ್ನೂರ ಐವತ್ತಾರನೆಯ ಸುತ್ತಿನಲ್ಲಿ ನಮ್ಮ ದೀಪ ಹಾಲು,
ಅರವತ್ತರಲ್ಲಿ ಬೆಣ್ಣೆ,
ಅರವತ್ತೈದರಲ್ಲಿ ಬೆಲ್ಲ.
ಆಮೇಲೆ ಬಂದದ್ದು ಬರೀ ಸದ್ದು.

ಡೈನಮೊ ಕೈಕೊಟ್ಟಿದೆ, ಎಂದ ಇದ್ವಾಲ್.
ಆಲ್ಟರ್ನೇಟರ್ ಎಂಬ ಹೊಸ ಹೆಸರು ಅವನ ಬಾಯಿಗೆ ಇನ್ನೂ ಬಂದಿಲ್ಲ.
ಅಕ್ಕಪಕ್ಕದ ತಂಡಗಳನ್ನು ಕೇಳಿದೆವು. ಚಹಾ ಕೊಟ್ಟರು.
ಆಗ ತೆಗ್ವೆನ್ ತನ್ನ ಕಾರಿನ ಕೀಲಿ ತಂದು ಬೆಂಚಿನ ಮೇಲಿಟ್ಟಳು.
ಅದೇ ಕಂಪನಿ, ಅದೇ ಮಾಡೆಲ್ಲು, ಎರಡು ವರ್ಷ ಕಿರಿದು,
ಡಿಕ್ಕಿಯಲ್ಲಿ ಕೂಸು ತೂಗುವ ತಕ್ಕಡಿ, ಕೈಗವಸಿನ ಡಬ್ಬಿ.
ನಾಳೆ ಸಂಜೆ ಐದಕ್ಕೆ ನನ್ನ ಪಾಳಿ,
ಅಷ್ಟರೊಳಗೆ ವಾಪಸು ಬೇಕು.

ಪಾರ್ಕಿಂಗಿನ ಕೆಸರಲ್ಲಿ ಇಬ್ಬರು ಅಂಗಾತ. ಟಾರ್ಚು ನನ್ನ ಕೈಲಿ.
ಒಂದು ಬೋಲ್ಟು ಜಾರಿ ಕೆಸರಿಗೆ ಬಿತ್ತು,
ಗೆಥಿನ್ ಬಾಯಲ್ಲಿ ಬಂದ ವೆಲ್ಷ್ ಮಾತು
ಹೆಡ್‌ಮಾಸ್ಟರಿಗೆ ಕೇಳಿಸಬಾರದು.
ನಲವತ್ತೊಂದು ನಿಮಿಷ.
ನನ್ನ ಹಾಳೆಯಲ್ಲಿ ಆ ಜಾಗ ಖಾಲಿ,
ಒಂದು ಒದ್ದೆ ಹೆಬ್ಬೆಟ್ಟಿನ ಗುರುತು.

ಮತ್ತೆ ಹಾಲು.
ಬೆಳಗಾದದ್ದು ಗೊತ್ತಾಗಲಿಲ್ಲ, ಕುರಿಗಳು ಕಂಡಾಗ ಬೆಳಗಾಗಿತ್ತು.
ಸುತ್ತಿ ಸುತ್ತಿ ಸುಣ್ಣವಾದೆವು.
ಟೈರುಗಳ ಮೇಲೆ ಗೆಥಿನ್ ನಿದ್ದೆ ಹೋದ, ಕಚ್ಚಿದ ಬ್ರೆಡ್ಡು ಕೈಯಲ್ಲೇ.
ಕೊನೆಗೆ ಐನೂರ ಎಪ್ಪತ್ತೊಂದು ಸುತ್ತು. ಇಪ್ಪತ್ತೇಳನೆಯ ಜಾಗ.

ಗೆದ್ದವರ ತಲೆಮೇಲೆ ನೊರೆ ಹಾರುತ್ತಿದ್ದಾಗ
ನಾವು ಮತ್ತೆ ಕೆಸರಲ್ಲಿ.
ಮುಟ್ಟಲಾಗದಷ್ಟು ಬಿಸಿ ಡೈನಮೊವನ್ನು
ಇದ್ವಾಲ್ ತನ್ನ ಸ್ವೆಟರಿನಲ್ಲಿ ಸುತ್ತಿ, ಎದೆಗಾನಿಸಿ ತಂದ.
ಕೂರಿಸಿ, ಬಿಗಿದು, ಸ್ಕ್ರೂಡ್ರೈವರು ಕಚ್ಚಿ ಕೇಳಿದ,
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

ಐದೂಕಾಲಿಗೆ ಅವಳ ಫೋನು.
ಗುಡ್ಡದಾಚೆ ಯಾವುದೋ ಮನೆ, ಚೊಚ್ಚಲ ಹೆರಿಗೆ.
ಮೋಡಕ್ಕೆ ಹಗಲೇ ಕತ್ತಲಾಗಿತ್ತು.
ಗೇಟಿನ ತಿರುವಿನಲ್ಲಿ ಕಾರು ಒಮ್ಮೆ ಇತ್ತ ಮುಖ ಮಾಡಿತು.
ಹಾಲು.
ರೂಢಿಬಲ, ಪೆನ್ಸಿಲು ಹುಡುಕಿ
ಹಾಳೆಯ ತುದಿಯಲ್ಲಿ ಇನ್ನೊಂದು ಗೆರೆ ಎಳೆದೆ.