ಊಟ ಸೇರಿಲ್ಲ

ಎರಡು ರಾತ್ರಿಗೆ ಮೂರು ಸಾವಿರದ ಆರುನೂರು.
ಹೊನ್ನೆ ಅಂತ ಮರದ ಹೆಸರಿಟ್ಟ ಕಾಟೇಜು,
ಒಂದು ಒಲೆ, ಎರಡು ಮಂಚ,
ಕೋತಿ ನುಗ್ಗದಂತೆ ಕಿಟಕಿಗೆ ಜಾಲರಿ.
ರಸೀತಿಯ ಕೆಳಗೆ ಸಣ್ಣಕ್ಷರದಲ್ಲಿ:
ಊಟ ಸೇರಿಲ್ಲ.

ಸುಗುಣಳಿಗೆ ಲ್ಯಾಬಿನಲ್ಲಿ ರಾತ್ರಿ ಪಾಳಿ.
"ಅಡುಗೆ ಸಾಮಾನು ನೀನೇ ಕಟ್ಟು" ಅಂದು ಹೋದಳು.
ಪಟ್ಟಿ ಇದೆ, ಕರೆಂಟ್ ಬಿಲ್ಲಿನ ಬೆನ್ನಿಗೆ,
ಡಾಕ್ಟರುಗಳ ಸಹವಾಸದಲ್ಲಿ ಕೆಟ್ಟ ಕೈಬರಹ.
ಸಾ.ಪು. ಅಂದರೆ ಸಾರಿನ ಪುಡಿಯೋ, ಸಾಂಬಾರ್ ಪುಡಿಯೋ,
ಸಾಬೂನಿನ ಪುಡಿಯೋ.

ಹನ್ನೊಂದು ವರ್ಷ ಸ್ಕೂಲ್ ವ್ಯಾನ್ ಓಡಿಸಿದ್ದೇನೆ.
ಏಳು ಸೀಟಿನಲ್ಲಿ ಹದಿನಾಲ್ಕು ಮಕ್ಕಳು, ಹದಿನಾಲ್ಕು ಬ್ಯಾಗು,
ಜೊತೆಗೆ ಯಾರದೋ ಪ್ರಾಜೆಕ್ಟಿನ ಥರ್ಮಾಕೋಲ್ ಜ್ವಾಲಾಮುಖಿ,
ಒಂದು ಮೂಲೆ ಮುಕ್ಕಾಗದಂತೆ
ಸುಂಕದಕಟ್ಟೆಯಿಂದ ನಾಗರಭಾವಿಗೆ ಮುಟ್ಟಿಸಿದವನು ನಾನು.
ಒಂದು ಅಡುಗೆಮನೆ ಕಟ್ಟಲಾರೆನೆ?

ಕುಕ್ಕರಿನ ಹೊಟ್ಟೆಗೆ ಅಕ್ಕಿ ಸುರಿದೆ,
ಅಕ್ಕಿಯೊಳಗೆ ಆರು ಮೊಟ್ಟೆ ಹೂತೆ,
ಚೊಂಬಿನೊಳಗೆ ಈರುಳ್ಳಿ, ಈರುಳ್ಳಿಯ ಸಂದಿಗೆ ಬೆಳ್ಳುಳ್ಳಿ,
ಒಗೆದ ಕಾಲುಚೀಲದೊಳಗೆ ಲಟ್ಟಣಿಗೆ.
ಇಂಚರ ಕುಕ್ಕರಿನ ವಿಸಲ್ ಜೇಬಿಗೆ ಹಾಕಿಕೊಂಡಳು,
ಆನೆ ಬಂದರೆ ಊದುತ್ತಾಳಂತೆ.
ಅದು ಊದುವುದಲ್ಲ ಮಗಳೇ,
ಒಳಗೆ ಬೆಂದಾಗ ತಾನೇ ಕೂಗುವುದು.

ಅವ್ವ ನಡುಮನೆಯ ಮಂಚದಲ್ಲಿ, ಗೋಡೆಗೆ ಮುಖ ಮಾಡಿ.
ಕಾಮಾಲೆ ಇಳಿದು ಎರಡು ತಿಂಗಳು.
ಕಣ್ಣು ಬೆಳ್ಳಗಾಗಿದೆ, ನಾಲಿಗೆಗಿನ್ನೂ ಮುನಿಸು.
ತಟ್ಟೆ ಇಟ್ಟರೆ ಎರಡು ತುತ್ತು, ಆಮೇಲೆ ದೂಡಿ,
"ಸೇರ್ತಿಲ್ಲ ಕಣೋ."
ಕಾಡಿಗೆ ಬಾ ಅಂದದ್ದಕ್ಕೆ ನಕ್ಕಿದ್ದಳು:
"ಊರು ಹೋಗು ಅಂತದೆ, ಕಾಡು ಬಾ ಅಂತದೆ,
ನೀನು ಅದಕ್ಕೂ ಅಡ್ವಾನ್ಸ್ ಕಟ್ಟಿದ್ದೀಯಲ್ಲ!"

ಡಬ್ಬಿಗಳಿಗೆ ಚೀಟಿ ಅಂಟಿಸುವ ಪದ್ಧತಿ ನಮ್ಮಲ್ಲಿಲ್ಲ.
ಹಾರ್ಲಿಕ್ಸ್ ಬಾಟಲಿಗಳಲ್ಲಿ ಹಾರ್ಲಿಕ್ಸ್ ಬಿಟ್ಟು ಎಲ್ಲ ಇದೆ.
ಕಪ್ಪಗಿದ್ದದ್ದೊಂದನ್ನು ಪೊಟ್ಟಣಕ್ಕೆ ಸುರಿದೆ,
ಅರ್ಧ ಪೊಟ್ಟಣಕ್ಕೆ, ಅರ್ಧ ನೆಲಕ್ಕೆ.
ಗೋಡೆಯ ಕಡೆಯಿಂದ ದನಿ:
"ಅದು ಕಾಳುಮೆಣಸಲ್ಲ. ಹುಚ್ಚೆಳ್ಳು ಚಟ್ನಿಪುಡಿ.
ಸುಗುಣ ಸೀಯಿಸಿದ್ದಾಳೆ."

ನಾನು ಬೇಕೆಂದೇ ಇನ್ನೊಂದು ಮುಚ್ಚಳ ತಿರುವಿದೆ.
"ಧನಿಯ."
ಇನ್ನೊಂದು.
"ಮೆಂತ್ಯ. ಹಳೇದು."
ಇನ್ನೊಂದು. ಸ್ವಲ್ಪ ತಡವಾಯಿತು.
ಫ್ಯಾನು ಮೂರು ಸುತ್ತು ಸುತ್ತಿತು.
"ಇಂಗು ಕಣೋ, ಮುಚ್ಚು ಬೇಗ, ಘಾಟೆಲ್ಲ ಗಾಳಿಪಾಲು!"
ನಮಗೆ ಬೇಕಿದ್ದದ್ದು ಮೂರೇ ಡಬ್ಬಿ.
ನಾನು ಹನ್ನೆರಡು ತೆರೆದೆ.

ಹನ್ನೊಂದೂವರೆಗೆ ಎದ್ದು ಬಂದಳು, ಸೆರಗು ಸಿಕ್ಕಿಸಿ.
ಒಂದು ಮಾತೂ ಆಡದೆ ನನ್ನ ಕುಕ್ಕರನ್ನು ಮೊರಕ್ಕೆ ಬೋರಲು ಹಾಕಿದಳು.
ಒಂದು ಮೊಟ್ಟೆ ಆಗಲೇ ಒಡೆದಿತ್ತು.
ಬಳಿದು ಬದಿಗಿಟ್ಟು, ಉಳಿದವಕ್ಕೆ ಹಳೇ ಪಂಚೆ ಸುತ್ತಿ,
ಲೋಟಗಳನ್ನು ಒಂದರೊಳಗೊಂದು ಸೇರಿಸಿ ಕೊಡದೊಳಗೆ ಇಳಿಸಿ,
ಬೆಂಕಿಪೊಟ್ಟಣಕ್ಕೆ ಪ್ಲಾಸ್ಟಿಕ್ ತೊಡಿಸಿ,
ಹಳೇ ಮೆಂತ್ಯ ಹೊರಗಿಟ್ಟು,
ಚಟ್ನಿಪುಡಿ ಕಟ್ಟುವ ಮೊದಲು
ಚಿಟಿಕೆಯಷ್ಟು ಅಂಗೈಗೆ ಹಾಕಿಕೊಂಡು ನೆಕ್ಕಿದಳು.
"ಉಪ್ಪು ಸಾಲದು."
ನಾನು ಉಪ್ಪಿನ ಡಬ್ಬಿ ಹುಡುಕುವ ನೆಪದಲ್ಲಿ
ಬಹಳ ಹೊತ್ತು ಶೆಲ್ಫಿಗೆ ಮುಖ ಮಾಡಿ ನಿಂತಿದ್ದೆ.

ಬೆಳಿಗ್ಗೆ ಕೆಂಗೇರಿ ದಾಟುವಾಗ ಇಂಚರ ಜೇಬು ತಡಕಿ ಸುಮ್ಮನಾದಳು.
ವಿಸಲ್ ನಿನ್ನೆಯ ಲಂಗದಲ್ಲಿತ್ತು,
ಲಂಗ ಬಕೆಟ್ಟಿನಲ್ಲಿ ನೆನೆಯುತ್ತಿತ್ತು.
ನಿದ್ದೆಗಣ್ಣಿನ ಸುಗುಣ ನನ್ನನ್ನು ನೋಡಿದಳು,
ನಾನು ಬ್ರೇಕಿನ ಮೇಲೆ ಕಾಲಿಟ್ಟೆ.
"ತಿರುಗಿಸಬೇಡ," ಅವ್ವ ಹಿಂದಿನ ಸೀಟಿನಿಂದ,
"ಪಾತ್ರೆಯಲ್ಲಿ ಬಸಿದರಾಯ್ತು. ನಡಿ."

ಗೇರು ಬದಲಿಸಿದೆ.
ಕೊಡದೊಳಗೆ ಲೋಟಗಳು
ತಮ್ಮತಮ್ಮಲ್ಲೇ ಏನೋ ಹೇಳಿಕೊಳ್ಳುತ್ತಿದ್ದವು.